ಸ್ಪಂಜ್ ಫಿಲ್ಟರ್, ನಾಲ್ಕು ಗಿಡ, ಚೆರ್ರಿ ಸೀಗಡಿ: ಎರಡೂವರೆ ವರ್ಷ ಬಳಸಿದ ಮೇಲೆ

ನಾನು ಇಟ್ಟಿರುವುದು 30 ಲೀಟರಿನ ಗಾಜಿನ ತೊಟ್ಟಿ. ಒಳಗೆ ಮುಷ್ಟಿ ಗಾತ್ರದ ಒಂದು ಸ್ಪಂಜ್ ಫಿಲ್ಟರ್, ಅದಕ್ಕೆ ಗಾಳಿ ಊದುವ ಸಣ್ಣ ಏರ್ ಪಂಪ್, ಮೇಲೆ ಒಂದು ಎಲ್‌ಇಡಿ ದೀಪ, ದೀಪಕ್ಕೊಂದು ಟೈಮರ್. ಹೀಟರ್ ಇಲ್ಲ, ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಇಲ್ಲ, ಮೀನೂ ಇಲ್ಲ. ಇರುವುದು ಗಿಡ, ಒಂದಷ್ಟು ಬಸವನಹುಳು, ಮತ್ತೆ ಎಣಿಸಲು ಕೂತರೆ ಲೆಕ್ಕ ತಪ್ಪುವಷ್ಟು ಕೆಂಪು ಚೆರ್ರಿ ಸೀಗಡಿ. ಎರಡೂವರೆ ವರ್ಷದಿಂದ ಒಂದೇ ಜಾಗದಲ್ಲಿ ನಡೆಯುತ್ತಿದೆ. ಸೀಗಡಿ ತೊಟ್ಟಿಗೆ ಕೆಲಸ ಕಡಿಮೆ ಅಂತ ಎಲ್ಲರೂ ಹೇಳುತ್ತಾರೆ, ಅಲ್ವಾ? ಆ ಮಾತು ನಿಜ, ಆದರೆ ಮೊದಲ ಎರಡು ತಿಂಗಳು ಸುಮ್ನೆ ಕಾಯಲು ತಯಾರಿದ್ದವರಿಗೆ ಮಾತ್ರ ನಿಜ. ನಾನು ಕಾಯಲಿಲ್ಲ. ಅದರ ಕಥೆ ಮುಂದೆ ಇದೆ.

ಸ್ಪಂಜ್ ಫಿಲ್ಟರ್ ವಿಷಯ ಮೊದಲು ಹೇಳುತ್ತೇನೆ, ಇಡೀ ತೊಟ್ಟಿ ನಿಂತಿರುವುದೇ ಅದರ ಮೇಲೆ. ನೋಡಲು ಚೆಂದ ಏನೂ ಇಲ್ಲ. ಕಪ್ಪು ಸ್ಪಂಜಿನ ಮುದ್ದೆ, ನಡುವೆ ಒಂದು ಕೊಳವೆ. ಪಂಪ್ ಊದಿದ ಗಾಳಿ ಗುಳ್ಳೆಯಾಗಿ ಆ ಕೊಳವೆಯಲ್ಲಿ ಮೇಲೇರುವಾಗ ನೀರನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ, ಆ ಜಾಗ ತುಂಬಲು ಸುತ್ತಲಿನ ನೀರು ಸ್ಪಂಜಿನ ತೂತುಗಳಿಂದ ಒಳಗೆ ಬರುತ್ತದೆ. ಅಷ್ಟೇ. ನೀರೊಳಗೆ ಮೋಟಾರ್ ಇಲ್ಲ, ತಿರುಗುವ ಭಾಗ ಇಲ್ಲ. ಸೀಗಡಿ ಮರಿ ಹುಟ್ಟುವಾಗ 2 ಮಿಲಿಮೀಟರ್ ಆಸುಪಾಸು ಇರುತ್ತದೆ. ಮೋಟಾರ್ ಇರುವ ಫಿಲ್ಟರಿನ ಬಾಯಿಗೆ ಜಾಲರಿ ಕಟ್ಟದಿದ್ದರೆ ಮರಿಗಳು ಅದರೊಳಗೆ ಹೋಗಿಬಿಡುತ್ತವೆ. ಸ್ಪಂಜ್ ಮರಿಗಳಿಗೆ ಮೇಯುವ ಬಯಲು. ನೀರಲ್ಲಿ ತೇಲುವ ಸಣ್ಣ ಕಸ ಸ್ಪಂಜಿನ ಮೈಗೆ ಅಂಟಿಕೊಳ್ಳುತ್ತದೆ, ಮರಿಗಳು ಅಲ್ಲೇ ಕೂತು ಎರಡೂ ಕೈಯಲ್ಲಿ ಬಾಚಿ ಬಾಚಿ ತಿನ್ನುತ್ತವೆ. ನನ್ನ ತೊಟ್ಟಿಯಲ್ಲಿ ಮರಿಗಳನ್ನು ಯಾರಿಗಾದರೂ ತೋರಿಸಬೇಕೆಂದರೆ ನಾನು ಬೆರಳು ತೋರಿಸುವುದು ಸ್ಪಂಜಿನ ಕಡೆಗೇ.

ಈಗ ಕಾಯದೇ ಇದ್ದ ಕಥೆ. ತೊಟ್ಟಿಗೆ ನೀರು ತುಂಬಿ, ಗಿಡ ನೆಟ್ಟು, ಎರಡೇ ವಾರಕ್ಕೆ ಹತ್ತು ಸೀಗಡಿ ಬಿಟ್ಟೆ. ನೀರು ಗಾಜಿನ ಹಾಗೆ ತಿಳಿಯಾಗಿತ್ತು, ಏನು ತೊಂದರೆ ಅಂದುಕೊಂಡೆ. ಐದು ದಿನದಲ್ಲಿ ಏಳು ಸತ್ತವು. ಆಮೇಲೆ ಪರೀಕ್ಷೆ ಕಿಟ್ ತಂದು ನೋಡಿದರೆ ನೈಟ್ರೈಟ್ ಬಣ್ಣ ಕಡು ನೇರಳೆ. ತೊಟ್ಟಿಯಲ್ಲಿ ಕೊಳೆಯುವ ಎಲೆಯಿಂದ, ಹಿಕ್ಕೆಯಿಂದ, ಉಳಿದ ಮೇವಿನಿಂದ ಅಮೋನಿಯಾ ಹುಟ್ಟುತ್ತದೆ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಜಾತಿ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲಿನ ಎರಡೂ ಸೀಗಡಿಗೆ ವಿಷ, ಕೊನೆಯದು ಕಡಿಮೆ ಇದ್ದರೆ ತಡೆದುಕೊಳ್ಳುತ್ತವೆ, ಗಿಡಗಳಿಗೆ ಅದು ಗೊಬ್ಬರ. ಈ ಬ್ಯಾಕ್ಟೀರಿಯಾ ಸ್ಪಂಜಲ್ಲಿ, ಮಣ್ಣಲ್ಲಿ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ತಿಳಿ ನೀರು ನೋಡಿ ಏನೂ ಗೊತ್ತಾಗುವುದಿಲ್ಲ, ಕಿಟ್ಟಲ್ಲಿ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ ಬಂದು, ಒಂದು ವಾರ ಹಾಗೇ ಉಳಿದರೆ ಮಾತ್ರ ಗೊತ್ತಾಗುತ್ತದೆ. ಆ ಏಳು ಸೀಗಡಿ ಸತ್ತದ್ದು ನನಗೆ ಇವತ್ತಿಗೂ ಬೇಸರ.

ಉಳಿದ ಮೂರನ್ನು ದಿನಾ ಸ್ವಲ್ಪ ಸ್ವಲ್ಪ ನೀರು ಬದಲಿಸಿ ಹೇಗೋ ಉಳಿಸಿಕೊಂಡೆ. ಎರಡು ತಿಂಗಳು ಮುಗಿದ ಮೇಲೆ ಇನ್ನೂ ಹನ್ನೆರಡು ತಂದೆ. ಈ ಸಲ ಚೀಲದ ನೀರಿಗೆ ತೊಟ್ಟಿಯ ನೀರನ್ನು ಸಣ್ಣ ನಳಿಗೆಯಿಂದ ಹನಿ ಹನಿಯಾಗಿ ಎರಡು ಗಂಟೆ ಬಿಟ್ಟು ಆಮೇಲೆ ಒಳಗೆ ಹಾಕಿದೆ. ಒಂದೂ ಸಾಯಲಿಲ್ಲ.

ತಳಕ್ಕೆ ಏನು ಹಾಕಬೇಕು ಅನ್ನುವುದು ಯಾವ ಸೀಗಡಿ ಸಾಕುತ್ತೀರಿ ಅನ್ನುವುದರ ಮೇಲೆ ನಿಂತಿದೆ. ಅಂಗಡಿಗಳಲ್ಲಿ ಸಿಗುವ ಅಕ್ವಾಸಾಯಿಲ್, ಅಂದರೆ ತೊಟ್ಟಿಯ ತಳಕ್ಕೆಂದೇ ಮಾಡಿದ ಮಣ್ಣು, ನೀರಿನ ಕಾರ್ಬೊನೇಟ್ ಹೀರಿ ಪಿಎಚ್ ಇಳಿಸುತ್ತದೆ, ಅದು ಮೆದು ನೀರು ಬೇಡುವ ಕಾರಿಡಿನಾ ಜಾತಿಯ ಸೀಗಡಿಗೆ ಸರಿ. ಹೊಸದರಲ್ಲಿ ಅಮೋನಿಯಾ ಬಿಡುವ ಅಕ್ವಾಸಾಯಿಲ್‌ಗಳೂ ಇವೆ. ಚೆರ್ರಿ ಸೀಗಡಿ ನಿಯೋಕಾರಿಡಿನಾ ಜಾತಿಯದು. ಮೂಲ ಚೀನಾ, ತೈವಾನ್ ಕಡೆಯ ಹಳ್ಳಕೊಳ್ಳ. ಸ್ವಲ್ಪ ಗಡಸು ನೀರೇ ಅದಕ್ಕೆ ಒಗ್ಗುತ್ತದೆ. ಪಿಎಚ್ 7ರ ಹತ್ತಿರ, ಜಿಎಚ್ (ನೀರಿನ ಗಡಸುತನದ ಅಳತೆ) 6ರಿಂದ 8, ಉಷ್ಣತೆ 20ರಿಂದ 26 ಡಿಗ್ರಿ ಇದ್ದರೆ ಅದು ಸುಖವಾಗಿರುತ್ತದೆ. ಹಾಗಾಗಿ ನಾನು ಸಾಯಿಲ್ ಬಿಟ್ಟು ಸಾದಾ ಸಣ್ಣ ಜಲ್ಲಿ ಹಾಕಿದೆ. ಈ ನಿರ್ಧಾರ ಇಡೀ ಸೆಟಪ್ಪಿನಲ್ಲಿ ನಾನು ಮಾಡಿದ ಅತ್ಯಂತ ಒಳ್ಳೆಯ ಕೆಲಸ. ಸಾಯಿಲ್ ಒಂದೆರಡು ವರ್ಷಕ್ಕೆ ಶಕ್ತಿ ಕಳೆದುಕೊಳ್ಳುತ್ತದೆ, ಆಗ ತೊಟ್ಟಿ ಕಿತ್ತು ಮತ್ತೆ ಕಟ್ಟಬೇಕು. ಜಲ್ಲಿಗೆ ಆ ಗೋಜಿಲ್ಲ.

ಗಿಡಗಳಲ್ಲಿ ಜಾವಾ ಮಾಸ್, ಅನುಬಿಯಾಸ್, ಜಾವಾ ಫರ್ನ್, ಮೇಲೆ ತೇಲುವ ಸಾಲ್ವಿನಿಯಾ. ನಾಲ್ಕೇ. ಅನುಬಿಯಾಸ್ ಮತ್ತು ಫರ್ನಿನ ದಪ್ಪ ಗೆಡ್ಡೆಕಾಂಡವನ್ನು ಜಲ್ಲಿಯಲ್ಲಿ ಹೂಳಬಾರದು, ಕೊಳೆತುಹೋಗುತ್ತದೆ. ಮರದ ತುಂಡಿಗೆ ದಾರದಲ್ಲಿ ಕಟ್ಟಿದರೆ ಸಾಕು, ಬೇರು ತಾನೇ ಹಿಡಿದುಕೊಳ್ಳುತ್ತದೆ. ಮೊದಲು ಕ್ರಿಪ್ಟೊಕೊರೈನ್ ಕೂಡ ನೆಟ್ಟಿದ್ದೆ, ಎರಡು ವಾರದಲ್ಲಿ ಎಲೆಯೆಲ್ಲ ಕರಗಿತು. ಸತ್ತಿತು ಅಂತ ಕಿತ್ತು ಬಿಸಾಕಿದೆ. ಹೊಸ ನೀರಿಗೆ ಹೊಂದಿಕೊಳ್ಳುವಾಗ ಆ ಗಿಡ ಹಾಗೆ ಎಲೆ ಕರಗಿಸುತ್ತದೆ, ಬೇರು ಬದುಕಿರುತ್ತದೆ, ಬಿಟ್ಟಿದ್ದರೆ ಮತ್ತೆ ಚಿಗುರುತ್ತಿತ್ತು ಅಂತ ಆಮೇಲೆ ತಿಳಿಯಿತು. ನಾಲ್ಕರಲ್ಲಿ ಒಂದೇ ಆರಿಸಿ ಅಂದರೆ ಮಾಸ್ ಆರಿಸುತ್ತೇನೆ. ಮರಿಗಳಿಗೆ ಅದು ಮನೆಯೂ ಹೌದು, ಊಟದ ತಟ್ಟೆಯೂ ಹೌದು.

ಇನ್ನು ತೊಟ್ಟಿ ನೋಡಿಕೊಳ್ಳುವುದರಲ್ಲಿ ನನ್ನನ್ನು ಅತಿ ಹೆಚ್ಚು ಸತಾಯಿಸಿದ ವಿಷಯ. ಎಂಟನೇ ತಿಂಗಳ ಹೊತ್ತಿಗೆ ಎಲ್ಲ ಚೆನ್ನಾಗಿತ್ತು, ಮರಿಗಳೂ ಆಗಿದ್ದವು. ಆಮೇಲೆ ವಾರಕ್ಕೊಂದು, ಎರಡು ದೊಡ್ಡ ಸೀಗಡಿ ಸಾಯಲು ಶುರುವಾಯಿತು. ಅಮೋನಿಯಾ ಸೊನ್ನೆ. ನೈಟ್ರೈಟ್ ಸೊನ್ನೆ. ಸತ್ತವನ್ನು ಹತ್ತಿರದಿಂದ ನೋಡಿದರೆ ತಲೆಯ ಚಿಪ್ಪು ಮುಗಿದು ಬಾಲ ಶುರುವಾಗುವ ಜಾಗದಲ್ಲಿ ಮೈಸುತ್ತ ಒಂದು ಬಿಳಿ ಉಂಗುರ. ಸೀಗಡಿ ಬೆಳೆಯಬೇಕಾದರೆ ಹಾವಿನ ಹಾಗೆ ಪೊರೆ ಬಿಡಬೇಕು. ಸರಿಯಾಗಿ ಬಿಟ್ಟಾಗ ಚಿಪ್ಪು ಬೆನ್ನ ಮೇಲಷ್ಟೇ ಸೀಳಿ, ಸೀಗಡಿ ಅಲ್ಲಿಂದ ಚಂಗನೆ ಹಾರಿ ಹೊರಗೆ ಬರುತ್ತದೆ. ನೀರಿನ ಖನಿಜ ಏರುಪೇರಾದರೆ ಚಿಪ್ಪು ಸುತ್ತಲೂ ಬಿರಿದು, ಹೊರಗೆ ಬರಲಾಗದೆ ಅಲ್ಲೇ ಸಾಯುತ್ತದೆ.

ಖನಿಜ ಏರುಪೇರು ಎಲ್ಲಿಂದ ಬಂತು? ಟಿಡಿಎಸ್ ಮೀಟರ್ ಇಟ್ಟು ನೋಡಿದೆ, ನೀರಲ್ಲಿ ಕರಗಿರುವ ಉಪ್ಪು ಖನಿಜ ಒಟ್ಟು ಎಷ್ಟಿದೆ ಅಂತ ಅದು ತೋರಿಸುತ್ತದೆ. ಶುರುವಿನಲ್ಲಿ 190 ಇದ್ದದ್ದು 350 ದಾಟಿತ್ತು. ನೀರು ಆವಿಯಾಗಿ ಕಡಿಮೆಯಾದಾಗೆಲ್ಲ ನಾನು ನಲ್ಲಿ ನೀರಿಗೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿ ತುಂಬಿಸುತ್ತಿದ್ದೆ. ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಖನಿಜ ಎಲ್ಲ ತೊಟ್ಟಿಯಲ್ಲೇ ಉಳಿಯುತ್ತದೆ. ಅದರ ಮೇಲೆ ಮತ್ತೆ ಖನಿಜ ಇರುವ ನೀರೇ ಸುರಿದರೆ ತಿಂಗಳು ತಿಂಗಳು ಏರುತ್ತಲೇ ಹೋಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಅಮೋನಿಯಾ ಕಿಟ್ಟಿಗೂ ಸಿಗುವುದಿಲ್ಲ. ಈಗ ಕಡಿಮೆಯಾದ ನೀರಿನ ಜಾಗಕ್ಕೆ ಖನಿಜ ಬಹುಪಾಲು ಸೋಸಿ ತೆಗೆದ ಆರ್‌ಒ ನೀರು ಮಾತ್ರ ಹಾಕುತ್ತೇನೆ, ಹಳೆಯ ನೀರು ತೆಗೆದು ಬದಲಿಸುವಾಗ ಮಾತ್ರ ಖನಿಜ ಇರುವ ನೀರು. ಇಳಿಸುವುದನ್ನೂ ಒಂದೇ ದಿನ ಮಾಡಲಿಲ್ಲ, ಹಠಾತ್ ಬದಲಾದರೂ ಸೀಗಡಿ ಅಕಾಲದಲ್ಲಿ ಪೊರೆ ಬಿಡಲು ಹೋಗಿ ಸಾಯುತ್ತದೆ. ವಾರಕ್ಕೆ ಹತ್ತು ಶೇಕಡಾ ಬದಲಿಸುತ್ತಾ, ಸುಮಾರು ಎರಡು ತಿಂಗಳಲ್ಲಿ 220ಕ್ಕೆ ತಂದೆ. ಸಾವು ನಿಂತಿತು. ಮುಚ್ಚಳ ಇರುವ ತೊಟ್ಟಿಯಾದರೆ ಈ ತೊಂದರೆ ನಿಧಾನ, ತೆರೆದ ತೊಟ್ಟಿಯವರು ದಯವಿಟ್ಟು ಒಂದು ಟಿಡಿಎಸ್ ಮೀಟರ್ ಇಟ್ಟುಕೊಳ್ಳಿ.

ಮೇವಿನ ವಿಷಯದಲ್ಲಿ ಎಲ್ಲರೂ ಜಾಸ್ತಿ ಹಾಕುತ್ತಾರೆ, ನಾನೂ ಹಾಕಿದೆ. ಗಾಜು, ಎಲೆ, ಮರ ಎಲ್ಲದರ ಮೇಲೂ ಬಯೋಫಿಲ್ಮ್ ಅನ್ನುವ ತೆಳು ಲೋಳೆಪದರ ಬೆಳೆಯುತ್ತದೆ. ಸೀಗಡಿ ದಿನವಿಡೀ ಮೇಯುವುದು ಅದನ್ನೇ. ಉಳಿದ ಮೇವು ಜಲ್ಲಿ ಸಂದಿಗೆ ಹೋದರೆ ಪ್ಲನೇರಿಯಾ ಬರುತ್ತದೆ. ಗಾಜಿನ ಮೇಲೆ ಜಾರುವ ಚಪ್ಪಟೆ ಬಿಳಿ ಹುಳು, ತಲೆ ತ್ರಿಕೋನ. ಅದು ಮರಿಗಳನ್ನೂ ತಿನ್ನಬಲ್ಲದು. ನಾನು ಔಷಧಿ ಹಾಕಲಿಲ್ಲ, ಹುಳದ ಔಷಧಿಗಳಲ್ಲಿ ಕೆಲವು ಬಸವನಹುಳುಗಳನ್ನೂ ಕೊಲ್ಲುತ್ತವೆ. ಮೇವು ಪೂರ್ತಿ ನಿಲ್ಲಿಸಿ, ರಾತ್ರಿ ಬಲೆ ಕೊಳವೆ ಇಟ್ಟು ಹಿಡಿದೆ. ಕಡಿಮೆಯಾಗಲು ಒಂದೂವರೆ ತಿಂಗಳು ಬೇಕಾಯಿತು. ಈಗ ವಾರಕ್ಕೆ ಎರಡೇ ಸಲ, ಎರಡು ಗಂಟೆಯಲ್ಲಿ ಮುಗಿಯುವಷ್ಟು ಮಾತ್ರ ಹಾಕುತ್ತೇನೆ. ಒಣಗಿದ ಕಾಡುಬಾದಾಮಿ ಎಲೆ ಒಂದು ಯಾವಾಗಲೂ ತಳದಲ್ಲಿ ಇರುತ್ತದೆ, ಸೀಗಡಿಗಳು ಅದನ್ನು ಮೆಲ್ಲಗೆ ಕೆರೆದು ನರ ಮಾತ್ರ ಉಳಿಸುತ್ತವೆ. ಆ ಜಾಲರಿಯಂಥ ಎಲೆ ನೋಡಲು ಎಷ್ಟು ಚೆಂದ! ತೊಟ್ಟಿಗೆ ಏನೇ ಔಷಧಿ ಹಾಕುವ ಮೊದಲು ಅದರಲ್ಲಿ ತಾಮ್ರ ಇದೆಯಾ ಅಂತ ಓದಿ. ಮೀನಿನ ಕೆಲವು ಔಷಧಿಗಳಲ್ಲಿ ಇರುತ್ತದೆ, ಸೀಗಡಿಗೆ ಅದು ಮಾರಕ.

ಮರಿ ಮಾಡುವುದಕ್ಕೆ ನಾನು ಏನೂ ಮಾಡಲಿಲ್ಲ. ಹೆಣ್ಣಿನ ತಲೆಯ ಹಿಂದೆ, ಬೆನ್ನ ಮೇಲೆ ಕುದುರೆ ಜೀನಿನ ಹಾಗೆ ಒಂದು ಹಳದಿ ಮಚ್ಚೆ ಮೂಡುತ್ತದೆ, ಅದು ಒಳಗೆ ಬೆಳೆಯುತ್ತಿರುವ ಮೊಟ್ಟೆ. ಅವಳು ಪೊರೆ ಬಿಟ್ಟ ದಿನ ಗಂಡುಗಳೆಲ್ಲ ತೊಟ್ಟಿ ತುಂಬ ಹುಚ್ಚೆದ್ದು ಈಜುತ್ತವೆ. ಮೊದಲ ಸಲ ನೋಡಿದಾಗ ನೀರಿಗೆ ವಿಷ ಬಿದ್ದಿದೆ ಅಂತ ಗಾಬರಿಯಾಗಿ ನೀರು ಬದಲಿಸಲು ಬಕೆಟ್ ತಂದಿದ್ದೆ. ಮರುದಿನ ನೋಡಿದರೆ ಅವಳ ಹೊಟ್ಟೆಯ ಕೆಳಗೆ ಇಪ್ಪತ್ತು ಮೂವತ್ತು ಮೊಟ್ಟೆ, ಸಣ್ಣ ಈಜುಕಾಲುಗಳಿಂದ ಬೀಸಣಿಗೆ ಹಾಗೆ ಗಾಳಿ ಹಾಕುತ್ತಾ ಓಡಾಡುತ್ತಿದ್ದಳು. ಸುಮಾರು ಒಂದು ತಿಂಗಳಿಗೆ ಮರಿ ಬರುತ್ತವೆ, ಹುಟ್ಟುವಾಗಲೇ ಪೂರ್ತಿ ಸೀಗಡಿಯ ಆಕಾರ. ಒಂದು ಮಾತು: ಕೆಂಪು, ನೀಲಿ, ಹಳದಿ ಎಲ್ಲ ಒಟ್ಟಿಗೆ ಹಾಕಬೇಡಿ. ಎಲ್ಲ ಒಂದೇ ಜಾತಿ, ಕೂಡಿ ಕೆಲವು ತಲೆಮಾರಿಗೆ ಬಣ್ಣ ಮಾಸಿ ಕಾಡಿನಲ್ಲಿ ಇರುವ ಕಂದು ಬಣ್ಣಕ್ಕೆ ತಿರುಗುತ್ತವೆ.

ಸಾಮಾನುಗಳ ದೋಷ ಹೇಳಲೇಬೇಕು. ಏರ್ ಪಂಪ್ ಮೊದಲ ವರ್ಷ ಸದ್ದಿಲ್ಲದೆ ನಡೆಯಿತು, ಒಂದೂವರೆ ವರ್ಷಕ್ಕೆ ಗುಂಯ್ ಅನ್ನತೊಡಗಿತು, ಗುಳ್ಳೆಯೂ ಅರ್ಧಕ್ಕೆ ಇಳಿಯಿತು. ಒಳಗಿನ ರಬ್ಬರ್ ಪೊರೆ ಸವೆದಿತ್ತು. ಬಿಡಿಭಾಗ ಸಿಗುವ ಮಾದರಿಯನ್ನೇ ಕೊಳ್ಳಿ, ಬದಲಿಸುವುದು ಐದು ನಿಮಿಷದ ಕೆಲಸ. ಪಂಪ್ ನೀರಿನ ಮಟ್ಟಕ್ಕಿಂತ ಕೆಳಗೆ ಇದ್ದರೆ ನಳಿಗೆಯಲ್ಲಿ ಚೆಕ್ ವಾಲ್ವ್ ಕಡ್ಡಾಯ. ಪಂಪ್ ನಿಂತಾಗ ನೀರು ನಳಿಗೆಯಲ್ಲಿ ಹಿಂದಕ್ಕೆ ಹರಿದು ಪಂಪಿಗೂ ನೆಲಕ್ಕೂ ಬರಬಹುದು. ನನ್ನ ಸೆಟ್ಟಿನ ಜೊತೆ ವಾಲ್ವ್ ಕೊಟ್ಟಿರಲಿಲ್ಲ, ಇಷ್ಟು ಸಣ್ಣ ವಸ್ತುವನ್ನು ಕೊಡದೇ ಇದ್ದದ್ದು ದೊಡ್ಡ ತಪ್ಪು. ಸ್ಪಂಜಿನ ತಳದ ರಬ್ಬರ್ ಬಟ್ಟಲು ಗಟ್ಟಿಯಾಗಿ ಗಾಜಿಗೆ ಅಂಟುವುದನ್ನು ಬಿಟ್ಟಿದೆ, ಒಂದು ಕಲ್ಲು ಒರಗಿಸಿದ್ದೇನೆ. ದೀಪ ಜಾಸ್ತಿ ಪ್ರಖರ. ಹತ್ತು ಗಂಟೆ ಉರಿಸಿದಾಗ ಗಾಜಿನ ಮೇಲೆಲ್ಲ ಹಸಿರು ಪಾಚಿ, ಆರು ಗಂಟೆಗೆ ಇಳಿಸಿದ ಮೇಲೆ ಹಿಡಿತಕ್ಕೆ ಬಂತು. ಸ್ಪಂಜ್ ಮಾತ್ರ ಇನ್ನೂ ಮೊದಲಿನದೇ. ಸೂಕ್ಷ್ಮ ಧೂಳನ್ನು ಅದು ಹಿಡಿಯುವುದಿಲ್ಲ, ನೀರು ಹರಳಿನ ಹಾಗೆ ಹೊಳೆಯಬೇಕು ಅನ್ನುವವರಿಗೆ ಇದು ಸಾಲದು. ಉಳಿದದ್ದೆಲ್ಲ ಸೇರಿಸಿ ಈ ಸೆಟ್ಟಿಗೆ 5ಕ್ಕೆ 4 ಕೊಡುತ್ತೇನೆ, ಸ್ಪಂಜ್ ಫಿಲ್ಟರಿಗೆ ಮಾತ್ರ ಪೂರ್ತಿ 5.

ಸ್ಪಂಜನ್ನು ನಲ್ಲಿ ಕೆಳಗೆ ತೊಳೆಯಬೇಡಿ. ಕ್ಲೋರಿನ್ ಅದರಲ್ಲಿರುವ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ತಿಂಗಳುಗಟ್ಟಲೆ ಕಾದದ್ದು ಒಂದು ನಿಮಿಷಕ್ಕೆ ಹೋಗುತ್ತದೆ. ತೊಟ್ಟಿಯಿಂದ ತೆಗೆದ ಹಳೆ ನೀರಿನ ಬಕೆಟಲ್ಲಿ ನಾಲ್ಕು ಸಲ ಹಿಂಡಿದರೆ ಸಾಕು, ಅದೂ ಎರಡು ತಿಂಗಳಿಗೊಮ್ಮೆ. ಹಿಂಡುವ ಮೊದಲು ಮರಿಗಳು ಉದುರಲಿ ಅಂತ ನೀರೊಳಗೇ ಮೆಲ್ಲಗೆ ಒಂದು ಸಲ ಅಲ್ಲಾಡಿಸಿ. ಬಕೆಟ್ ನೀರು ಚೆಲ್ಲುವ ಮುಂಚೆ ಟಾರ್ಚ್ ಹಾಕಿ ನೋಡಿ, ನನಗೆ ಪ್ರತಿ ಸಲ ಎರಡು ಮೂರು ಮರಿ ಅಲ್ಲಿ ಸಿಗುತ್ತವೆ. ಇದು ಬಿಟ್ಟರೆ ಮೂರು ವಾರಕ್ಕೊಮ್ಮೆ ಐದು ಲೀಟರ್ ನೀರು ಬದಲಿಸುವುದು, ಸಾಲ್ವಿನಿಯಾ ಮೇಲ್ಮೈ ಪೂರ್ತಿ ಮುಚ್ಚಿದರೆ ಅರ್ಧ ತೆಗೆಯುವುದು. ವಾರಕ್ಕೆ ಹತ್ತು ನಿಮಿಷದ ಮೇಲೆ ಕೆಲಸ ಇಲ್ಲ.

ಬಿಸಿ ದಿನಗಳಲ್ಲಿ ನೀರು 29, 30 ಡಿಗ್ರಿ ಮುಟ್ಟಿದ್ದೂ ಇದೆ. ನೀರು ಬಿಸಿಯಾದಷ್ಟೂ ಅದು ಹಿಡಿದುಕೊಳ್ಳುವ ಆಮ್ಲಜನಕ ಕಡಿಮೆ, 20 ಡಿಗ್ರಿಯಲ್ಲಿ ಲೀಟರಿಗೆ 9 ಮಿಲಿಗ್ರಾಂ ಹಿಡಿಯುವ ನೀರು 30ರಲ್ಲಿ ಏಳೂವರೆಗೆ ಇಳಿಯುತ್ತದೆ. ಸ್ಪಂಜಿನ ಗುಳ್ಳೆ ಮೇಲ್ಮೈಯನ್ನು ಸದಾ ಕಲಕುತ್ತಿದ್ದುದರಿಂದ ಆ ದಿನಗಳೂ ದಾಟಿದವು, ಜೊತೆಗೆ ದೀಪ ಆರಿಸಿ ಮುಚ್ಚಳ ತೆಗೆದು ಒಂದು ಸಣ್ಣ ಫ್ಯಾನ್ ತಿರುಗಿಸಿದ್ದೆ. ಫ್ಯಾನ್ ಹಾಕಿದರೆ ನೀರು ಬೇಗ ಆವಿಯಾಗುತ್ತದೆ, ಟಿಡಿಎಸ್ ಮೇಲೆ ಕಣ್ಣಿರಲಿ.

ತೊಟ್ಟಿ ಈಗ ತುಂಬಿಹೋಗಿದೆ, ಎರಡನೆಯದು ಇಡುತ್ತಿದ್ದೇನೆ. ಅದಕ್ಕೆ ಬೇಕಾದ ಸ್ಪಂಜ್ ಆರು ವಾರದಿಂದ ಇದೇ ತೊಟ್ಟಿಯ ಮೂಲೆಯಲ್ಲಿ ಗುಳ್ಳೆ ಬಿಡುತ್ತಾ ಕೂತಿದೆ. ನಿನ್ನೆ ಅದರ ಮೇಲೂ ಮರಿಗಳು ಕೂತು ಮೇಯುತ್ತಿದ್ದವು.