ಊದಿದ ಮಂಡಿಗೆ ಸ್ಟಿರಾಯ್ಡ್ ಬೇಡ, ಮೊದಲು ಸೂಜಿ ಪರೀಕ್ಷೆ ಆಗಲಿ

ನಡುವಯಸ್ಸು ದಾಟಿದ ಬರ್ನೀಸ್ ಮೌಂಟನ್ ನಾಯಿ. ಹಿಂಗಾಲು ಕುಂಟುತ್ತಿತ್ತು, ಮಂಡಿ ಊದಿತ್ತು. ಎಕ್ಸ್‌ರೇ ತೆಗೆಯದೆ ಸಂಧಿವಾತವೆಂದು ನೋವಿನ ಮಾತ್ರೆ ಬರೆದರು. ಅದು ನಾಟಲಿಲ್ಲವೆಂದು ಪ್ರೆಡ್ನಿಸೋಲೋನ್ ಎಂಬ ಸ್ಟಿರಾಯ್ಡ್. ಊತ ಇಳಿಯಿತು, ನಾಯಿ ಓಡಾಡಿತು. ಮತ್ತೆ ಊದಿದಾಗ ಲಿಗಮೆಂಟ್ ಹರಿದಿದೆ ಎಂದು ಕೀಲು ತೆರೆದರೆ ಒಳಗಿದ್ದದ್ದು ಗಡ್ಡೆ: ಹಿಸ್ಟಿಯೋಸೈಟಿಕ್ ಸಾರ್ಕೋಮಾ. ಅಷ್ಟರಲ್ಲಿ ಶ್ವಾಸಕೋಶದಲ್ಲೂ ಗಂಟುಗಳಿದ್ದವು.

ಇದು ಡೆಂಡ್ರಿಟಿಕ್ ಕೋಶ, ಮ್ಯಾಕ್ರೋಫೇಜ್‌ಗಳೆಂಬ ರೋಗನಿರೋಧಕ ಕೋಶಗಳ ಕ್ಯಾನ್ಸರ್. ಅಪರೂಪ, ಆದರೆ ಬರ್ನೀಸ್, ಫ್ಲಾಟ್ ಕೋಟೆಡ್ ರಿಟ್ರೀವರ್, ರಾಟ್‌ವೀಲರ್ ತಳಿಗಳಲ್ಲಿ ಅಷ್ಟೇನೂ ಅಪರೂಪವಲ್ಲ. ಮೊದಲೇ ಕೀಲಿನ ತೊಂದರೆ ಇದ್ದ ಬರ್ನೀಸ್‌ಗಳಲ್ಲಿ ಅದೇ ಕೀಲಿಗೆ ಬರುವ ಸಾಧ್ಯತೆ ಹೆಚ್ಚು. ಹಾಗಾಗಿ ‘ಹಳೇ ಸಂಧಿವಾತ’ ಎಂಬ ಮಾತಿಗೆ ಸಮಾಧಾನಪಡಬೇಡಿ. ಸ್ಟಿರಾಯ್ಡ್ ಸುತ್ತಲಿನ ಉರಿಯೂತ ಇಳಿಸುತ್ತದೆ, ಗಡ್ಡೆ ಉಳಿಯುತ್ತದೆ. ಊತಕ್ಕೆ ಕಾರಣ ಲಿಂಫೋಮಾ (ಬಿಳಿರಕ್ತಕಣಗಳ ಕ್ಯಾನ್ಸರ್) ಆಗಿದ್ದರಂತೂ ಪರೀಕ್ಷೆಯ ಫಲಿತಾಂಶವೇ ಕೆಡುತ್ತದೆ.

ಎಕ್ಸ್‌ರೇಯನ್ನು ಎರಡು ಕೋನಗಳಿಂದ ತೆಗೆಸಿ. ಕೀಲಿನ ಎರಡೂ ಬದಿಯ ಮೂಳೆ ಸವೆದಿದ್ದರೆ ಈ ರೋಗದ ಅನುಮಾನ ಬರಲೇಬೇಕು. ಮೂಳೆಯ ಕ್ಯಾನ್ಸರ್ ಸಾಮಾನ್ಯವಾಗಿ ಕೀಲು ದಾಟುವುದಿಲ್ಲ. ಜೊತೆಗೆ ಎದೆಯ ಮೂರು ಎಕ್ಸ್‌ರೇ, ಹೊಟ್ಟೆಯ ಅಲ್ಟ್ರಾಸೌಂಡ್. ಗಡ್ಡೆಗೆ ತೆಳುವಾದ 22 ಗೇಜ್ ಸೂಜಿ ಹಾಕಿ, ಬಂದ ಕೋಶಗಳನ್ನು ಗಾಜಿನ ಸ್ಲೈಡ್‌ಗಳಿಗೆ ಸವರಿ ಕೂಡಲೇ ಗಾಳಿಗೆ ಒಣಗಿಸಬೇಕು. ಬಯಾಪ್ಸಿ ತುಂಡು ಕೆಡದಂತೆ ಇಡುವ ಫಾರ್ಮಲಿನ್ ದ್ರಾವಣದ ಬಾಟಲಿಯ ಜೊತೆ ಒಂದೇ ಚೀಲದಲ್ಲಿ ಕಳಿಸಿದರೆ ಅದರ ಆವಿಗೇ ಸ್ಲೈಡ್ ಬಣ್ಣ ಹಿಡಿಯದೆ ಹಾಳಾಗುತ್ತದೆ. ಎಷ್ಟೋ ಕಡೆ ನಡೆಯುವ ತಪ್ಪಿದು.

ಬಯಾಪ್ಸಿ ತೆಗೆಯುವ ಜಾಗವನ್ನು ಮುಂದೆ ಶಸ್ತ್ರಚಿಕಿತ್ಸೆ ಮಾಡುವವರೇ ಗುರುತಿಸಲಿ. ಸೂಜಿ ಹೋದ ದಾರಿಯನ್ನೂ ಆಮೇಲೆ ಕತ್ತರಿಸಿ ತೆಗೆಯಬೇಕಾಗುತ್ತದೆ. ತುಂಡು 1 ಸೆಂ.ಮೀ.ಗಿಂತ ದಪ್ಪ ಬೇಡ, ಅದರ 10 ಪಟ್ಟು ಫಾರ್ಮಲಿನ್ ಇರಲಿ.

ವರದಿಯಲ್ಲಿ ಬರೀ ‘ಸಾರ್ಕೋಮಾ’ ಅಥವಾ ‘ಸೈನೋವಿಯಲ್ ಸೆಲ್ ಸಾರ್ಕೋಮಾ’ (ಕೀಲಿನ ಒಳಪೊರೆಯ ಕ್ಯಾನ್ಸರ್) ಎಂದು ಬಂದರೆ ಅಲ್ಲಿಗೇ ನಿಲ್ಲಬೇಡಿ, ಕೋಶದ ಗುರುತಿನ ಪ್ರೋಟೀನ್‌ಗಳನ್ನು ಬಣ್ಣ ಹಿಡಿಸಿ ತೋರಿಸುವ ಇಮ್ಯುನೋಹಿಸ್ಟೋಕೆಮಿಸ್ಟ್ರಿ ಪರೀಕ್ಷೆ ಕೇಳಿ. ಸಿಡಿ18 ಎಂಬ ಗುರುತು ಒಂದೇ ಸಾಲದು, ಅದು ಎಲ್ಲ ಬಿಳಿರಕ್ತಕಣಗಳಲ್ಲೂ ಇರುತ್ತದೆ. ಐಬಿಎ1 ಅಥವಾ ಸಿಡಿ204 ಪಾಸಿಟಿವ್ ಬಂದು, ಲಿಂಫೋಮಾದ ಗುರುತುಗಳಾದ ಸಿಡಿ3, ಸಿಡಿ79ಎ ನೆಗೆಟಿವ್ ಇರಬೇಕು. ಎಳೆ ನಾಯಿಗಳ ಚರ್ಮದಲ್ಲಿ ಗುಂಡಿಯಂತೆ ಎದ್ದು ಸಾಮಾನ್ಯವಾಗಿ ತಾನಾಗಿ ಕರಗುವ ಹಿಸ್ಟಿಯೋಸೈಟೋಮಾ ಬೇರೆಯೇ. ಹೆಸರು ಹತ್ತಿರವೆಂದು ಗಾಬರಿಯಾಗಬೇಡಿ.

ಹಿಸ್ಟಿಯೋಸೈಟಿಕ್ ಸಾರ್ಕೋಮಾಗೆ ಗಂಟೇ ಕಾಣದ ಇನ್ನೊಂದು ರೂಪವಿದೆ. ಅದರಲ್ಲಿ ಗುಲ್ಮದ ಕ್ಯಾನ್ಸರ್ ಮ್ಯಾಕ್ರೋಫೇಜ್‌ಗಳು ಕೆಂಪು ರಕ್ತಕಣಗಳನ್ನೇ ನುಂಗುತ್ತವೆ. ರಕ್ತಹೀನತೆ, ಪ್ಲೇಟ್‌ಲೆಟ್ ಕುಸಿತ ನೋಡಿ ಸ್ವಯಂನಿರೋಧಕ ಕಾಯಿಲೆ ಎಂದುಕೊಂಡು ಮತ್ತೆ ಸ್ಟಿರಾಯ್ಡ್ ಶುರುವಾಗುತ್ತದೆ. ಕೆಂಪು ಕಣಗಳಿಗೆ ಪ್ರತಿಕಾಯ ಅಂಟಿದೆಯೇ ಎಂದು ನೋಡುವ ಕೂಂಬ್ಸ್ ಪರೀಕ್ಷೆ ನೆಗೆಟಿವ್ ಇದ್ದು, ಆಲ್ಬುಮಿನ್, ಕೊಲೆಸ್ಟ್ರಾಲ್ ಎರಡೂ ಇಳಿದಿದ್ದರೆ ಗುಲ್ಮ ಮತ್ತು ಮೂಳೆಮಜ್ಜೆಯ ಮಾದರಿ ತೆಗೆಸಿ. ಗುಲ್ಮಕ್ಕೆ ಸೂಜಿ ಹಾಕುವ ಮುನ್ನ ಪ್ಲೇಟ್‌ಲೆಟ್ ಎಣಿಕೆ ನೋಡಲಿ.