24 ಎಚ್‌ಪಿ ಟ್ರ್ಯಾಕ್ಟರ್‌ಗೆ ಲೋಡರ್, ಬ್ಯಾಕ್‌ಹೋ ಹಾಕಿಸುವವರು ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ಓದಿ

ಶೋರೂಂ ಹೆಸರು ಕೇಳಬೇಡಿ, ಹಾಕುವುದಿಲ್ಲ. ಹಾಸನದಲ್ಲಿ ಕೊಂಡದ್ದು, ಸಕಲೇಶಪುರದ ಕಡೆಯ ಕಾಫಿ ತೋಟಕ್ಕೆ. ಗೊಬ್ಬರ, ಮಣ್ಣು ತುಂಬಲು ಮುಂದೆ ಲೋಡರ್. ಟ್ರೆಂಚ್ ಹೊಡೆಯಲು, ಹಳೇ ರೋಬಸ್ಟಾ ಬುಡ ಕೀಳಲು ಹಿಂದೆ ಬ್ಯಾಕ್‌ಹೋ, ಅಂದರೆ ಜೆಸಿಬಿಗೆ ಇರುವಂಥ ಅಗೆಯುವ ತೋಳು. "ಒಂದೇ ಗಾಡಿ ಗೌಡ್ರೇ, ಇನ್ಮೇಲೆ ಜೆಸಿಬಿ ಕರೆಸೋದೇ ಬೇಡ" ಅಂದರು.

ಒಂದೇ ಗಾಡಿ! ಬಿಲ್ ಕೈಗೆ ಬಂದಾಗ ಗೊತ್ತಾಯಿತು ಒಂದಲ್ಲ, ಮೂರು ಅಂತ. ಟ್ರ್ಯಾಕ್ಟರ್‌ಗೆ ಕಂಪನಿ ಬಿಲ್. ಲೋಡರ್‌ಗೆ ಬೇರೆ ಯಾರದ್ದೋ ಬಿಲ್. ಬ್ಯಾಕ್‌ಹೋಗೆ ಇನ್ನೊಬ್ಬ ಫ್ಯಾಬ್ರಿಕೇಟರ್‌ನ ಚೀಟಿ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಜಿಎಸ್‌ಟಿ 12ರಿಂದ 5 ಪರ್ಸೆಂಟ್‌ಗೆ ಇಳಿದಿದೆಯಲ್ಲ, ಆ ಖುಷಿಯಲ್ಲಿ ಮೊದಲ ಬಿಲ್ ಮಾತ್ರ ನೋಡಿದ್ದು. ಮೂರೂ ಸೇರುವ ಜಾಗಕ್ಕೆ, ಅಂದರೆ ಪೈಪು, ವಾಲ್ವು, ಬ್ರಾಕೆಟ್ಟು, ಬೋಲ್ಟಿಗೆ ಜವಾಬ್ದಾರಿ ಯಾರದು ಅಂತ ಯಾವ ಕಾಗದದಲ್ಲೂ ಇಲ್ಲ. ಕೆಟ್ಟಿದ್ದೆಲ್ಲ ಅಲ್ಲೇ.

ಹೊಟ್ಟೆ ಉರಿಯುವುದು ಬ್ರೋಷರ್ ವಿಷಯಕ್ಕೆ. "ಲಿಫ್ಟಿಂಗ್ ಕೆಪ್ಯಾಸಿಟಿ 750 ಕೆಜಿ" ಅಂತ ದಪ್ಪಕ್ಷರದಲ್ಲಿತ್ತು. ಸೇಲ್ಸ್‌ನವನು ಅದರ ಮೇಲೆ ಬೆರಳಿಟ್ಟು ಮುಂದಿನ ಬಕೆಟ್ ತೋರಿಸಿದ. ಆ 750 ಲೋಡರ್‌ದೇ ಅಲ್ಲ, ಹಿಂದಿನ ತ್ರೀ ಪಾಯಿಂಟ್ ಲಿಂಕೇಜ್, ಅಂದರೆ ನೇಗಿಲು ಸಿಕ್ಕಿಸುವ ಮೂರು ತೋಳು, ಎತ್ತುವ ಭಾರ. ಟ್ರ್ಯಾಕ್ಟರ್ ಜೊತೆಗೇ ಬೆಳೆದವನಿಗೆ ಅದು ಹೊಳೆಯಲಿಲ್ಲ, ತಲೆ ಆಡಿಸಿಬಿಟ್ಟೆ. ಇದನ್ನು ಬರೆಯಲೂ ನಾಚಿಕೆ.

ಲೋಡರ್‌ನ ಕಾಗದ ಮೂರು ಸಲ ಕೇಳಿದ ಮೇಲೆ ಬಂತು. 400 ಕೆಜಿ. ಅದೂ ಬಕೆಟ್ ತಿರುಗುವ ಪಿನ್ನಿನ ಹತ್ತಿರ ಅಳೆದದ್ದು. ಬಕೆಟ್‌ನ ನಡುವಿಗೆ ಬಂದರೆ ಇನ್ನೂ ಕಡಿಮೆ. ನಮ್ಮ ಬಕೆಟ್ 0.15 ಘನ ಮೀಟರ್. ಹಸಿ ಮಣ್ಣು ಘನ ಮೀಟರಿಗೆ 1,800 ಕೆಜಿ ಅಂತ ಹಿಡಿದರೆ ತುಂಬಿದ ಬಕೆಟ್ಟಿನಲ್ಲಿ ಮಣ್ಣೇ 270 ಕೆಜಿ, ಕಬ್ಬಿಣದ ತೂಕ ಬೇರೆ. ಟ್ರ್ಯಾಕ್ಟರ್ ತೂಗುವುದೇ 700 ಚಿಲ್ಲರೆ. ಬ್ಯಾಕ್‌ಹೋ ಬಿಚ್ಚಿಟ್ಟು ಇಳಿಜಾರಿನಲ್ಲಿ ಬಕೆಟ್ ಎತ್ತಿದರೆ ಹಿಂದಿನ ಚಕ್ರ ನೆಲ ಬಿಡುತ್ತದೆ. ಬ್ರೇಕ್ ಇರುವುದೇ ಹಿಂದಿನ ಚಕ್ರಕ್ಕೆ! ಫೋರ್ ವೀಲ್ ಹಾಕಿದ್ದರೆ ಮುಂದಿನ ಚಕ್ರ ಹಿಡಿಯುತ್ತದೆ, ಇಲ್ಲದಿದ್ದರೆ ಗಾಡಿ ಸೀದಾ ಕೆಳಗೆ. ಡೆಮೊ ಕೊಟ್ಟದ್ದು ಎಲ್ಲಿ? ಶೋರೂಂ ಹಿಂದಿನ ಮಟ್ಟಸ ಜಾಗದಲ್ಲಿ, ಒಣ ಎಂ-ಸ್ಯಾಂಡ್ ಅರ್ಧ ಬಕೆಟ್ ಎತ್ತಿ.

ಫೋನ್ ಮಾಡಿದರೆ, "ಹಿಂದೆ ವೆಯ್ಟ್ ಹಾಕ್ಬೇಕು ಗೌಡ್ರೇ, ಅದು ಎಲ್ರಿಗೂ ಗೊತ್ತಿರೋದೇ." ಎಲ್ಲರಿಗೂ ಗೊತ್ತಿದ್ದರೆ ಕೊಟೇಶನ್‌ನಲ್ಲಿ ಯಾಕೆ ಇರಲಿಲ್ಲ? ಕೊನೆಗೆ 300 ಕೆಜಿಯ ಕಾಂಕ್ರೀಟ್ ದಿಮ್ಮಿ ಎರಕ ಹೊಯ್ದು ಲಿಂಕೇಜ್‌ಗೆ ನೇತುಹಾಕಿ, ಹಿಂದಿನ ಟೈರಿಗೆ ಮುಕ್ಕಾಲು ನೀರು ತುಂಬಿಸಬೇಕಾಯಿತು.

ಇನ್ನು ಬ್ಯಾಕ್‌ಹೋ. ಎಚ್‌ಪಿ ಕೇಳಬೇಡಿ, ಹೈಡ್ರಾಲಿಕ್ ಎಣ್ಣೆ ತಳ್ಳುವ ಪಂಪು ನಿಮಿಷಕ್ಕೆ ಎಷ್ಟು ಲೀಟರ್ ಅಂತ ಕೇಳಿ. ಇದರ ಪಂಪು 18 ಲೀಟರ್, ಅದೂ ಎಂಜಿನ್ 2,600 ಆರ್‌ಪಿಎಂನಲ್ಲಿ ಓಡಿದರೆ. ಬೂಮ್ (ಬ್ಯಾಕ್‌ಹೋದ ಉದ್ದ ತೋಳು) ಎತ್ತಿಳಿಸುವ ಸಿಲಿಂಡರ್ 80 ಮಿ.ಮೀ. ಬೋರ್, 500 ಮಿ.ಮೀ. ಸ್ಟ್ರೋಕ್, ತುಂಬಲು ಎರಡೂವರೆ ಲೀಟರ್ ಎಣ್ಣೆ ಬೇಕು. ಒಮ್ಮೆ ಚಾಚಲು 8 ಸೆಕೆಂಡು. ಆಕ್ಸಿಲರೇಟರ್ 1,500ಕ್ಕೆ ಇಳಿಸಿದರೆ 14 ಸೆಕೆಂಡು. ಬೂಮ್, ಬಕೆಟ್ ಎರಡನ್ನೂ ಒಟ್ಟಿಗೆ ಎಳೆದರೆ ಒಂದು ನಿಂತೇ ಹೋಗುತ್ತದೆ. ಪಿಟಿಒಗೆ (ಎಂಜಿನ್ ಶಕ್ತಿಯನ್ನು ಹೊರಗೆ ಕೊಡುವ ಹಿಂದಿನ ಶಾಫ್ಟ್) ಬೇರೆ ಪಂಪು, ಬೇರೆ ಟ್ಯಾಂಕ್ ಇಟ್ಟು ನಿಮಿಷಕ್ಕೆ 40 ಲೀಟರ್ ಕೊಟ್ಟಿದ್ದರೆ 150 ಬಾರ್ ಪ್ರೆಷರ್‌ನಲ್ಲಿ 13-14 ಎಚ್‌ಪಿಯಾದರೂ ಬೇಡುತ್ತಿತ್ತು, ಈ ಎಂಜಿನ್ ಅದನ್ನು ಎಳೆಯುತ್ತಿತ್ತು. ಆ ದುಡ್ಡು ಉಳಿಸಿದ್ದಾರೆ.

ಉಳಿಸಲು ಮಾಡಿದ್ದೇನು ಗೊತ್ತೇ? ಲೋಡರ್ ವಾಲ್ವಿನ ರಿಟರ್ನ್ ಪೈಪನ್ನೇ ಬ್ಯಾಕ್‌ಹೋಗೆ ಸಪ್ಲೈ ಅಂತ ಕೊಟ್ಟಿದ್ದಾರೆ. ಹಾಗೆ ಮುಂದಕ್ಕೆ ಪ್ರೆಷರ್ ಕೊಡಬೇಕಾದರೆ ವಾಲ್ವಿನಲ್ಲಿ ಪವರ್ ಬಿಯಾಂಡ್ ಅಂತ ಪ್ರತ್ಯೇಕ ಪೋರ್ಟ್ ಬೇಕು, ರಿಟರ್ನ್‌ಗೆ ಬೇರೆ ಪೈಪ್ ಬೇಕು. ಅದಿಲ್ಲದೆ ಟ್ಯಾಂಕಿಗೆ ಹೋಗುವ ದಾರಿಯಲ್ಲೇ ಪ್ರೆಷರ್ ಕೂತರೆ ಸೀಲು ತಡೆಯುವುದಿಲ್ಲ. ಮೂರನೇ ದಿನ ಕಿತ್ತು ಬಂತು, ಎಣ್ಣೆಯೆಲ್ಲ ನೆಲಕ್ಕೆ. ಫ್ಯಾಬ್ರಿಕೇಟರ್: "ಟ್ರ್ಯಾಕ್ಟರ್ ಪಂಪಿಂದೇ ಪ್ರಾಬ್ಲಂ ಅಣ್ಣ." ಶೋರೂಂ: "ಹೊರಗಿನವರು ಪೈಪ್ ಬಿಚ್ಚಿದಾರೆ, ವಾರಂಟಿ ಬರಲ್ಲ." ಆ ಹೊರಗಿನವನನ್ನು ಕರೆತಂದದ್ದು ಯಾರು ಸ್ವಾಮಿ? ನೀವೇ ಅಲ್ಲವೇ? "ನಾವು ಬರೀ ನಂಬರ್ ಕೊಟ್ಟಿದ್ದು."

ಅದಕ್ಕಿಂತ ದೊಡ್ಡ ತಪ್ಪು, ಬ್ಯಾಕ್‌ಹೋ ಕೂರಿಸಿದ್ದು ಬರೀ ತ್ರೀ ಪಾಯಿಂಟ್‌ಗೆ. ಕೆಳಗಿನ ತೋಳುಗಳಿಗೆ ಕೆಳಗಿಂದ ಮೇಲಕ್ಕೆ ತಡೆಯೇ ಇಲ್ಲ. ಬೇರು ಸಿಕ್ಕಿಕೊಂಡಾಗ ಬೂಮ್ ಒತ್ತಿದರೆ ಬ್ಯಾಕ್‌ಹೋ ಸಮೇತ ಮೇಲೆದ್ದು, ಕೂತವನನ್ನು ಟ್ರ್ಯಾಕ್ಟರ್‌ಗೆ ಒತ್ತಿಬಿಡಬಹುದು. ಏಟೆಲ್ಲ ಬೀಳುವುದು ಟ್ರ್ಯಾಕ್ಟರ್‌ನ ಹಿಂದಿನ ಹೌಸಿಂಗ್‌ಗೆ, ಅಂದರೆ ಗೇರು, ಆಕ್ಸಲ್ ಇರುವ ಎರಕದ ಕವಚಕ್ಕೆ. ಇಲ್ಲಿ ಟಾಪ್ ಲಿಂಕ್ (ಮೇಲಿನ ತೋಳು) ಬ್ರಾಕೆಟ್ಟಿನ ಎರಡು ಬೋಲ್ಟ್ ಮುರಿದವು, ಹೌಸಿಂಗ್ ಸೀಳದಿದ್ದದ್ದು ಪುಣ್ಯ. "ಆಪರೇಟರ್ ಮಿಸ್ಟೇಕ್" ಅಂತ ಫೋಟೋ ನೋಡಿಯೇ ತೀರ್ಪು ಕೊಟ್ಟರು. ಸಬ್‌ಫ್ರೇಮ್ ಬೇಕು. ಹಿಂದಿನ ಆಕ್ಸಲ್‌ನಿಂದ ಮುಂದಿನ ಲೋಡರ್ ಕಂಬದವರೆಗೆ ಹೊಟ್ಟೆಯಡಿ ಎರಡು ಉಕ್ಕಿನ ಹಳಿ ಹಾಯಬೇಕು. ಬಗ್ಗಿ ನೋಡಿ, ಹಳಿ ಕಾಣದಿದ್ದರೆ ಎದ್ದು ಬನ್ನಿ.

ಅಗಲದ ವಿಷಯವೂ ಅಷ್ಟೇ. ಗಾಡಿ ಮೂರೂವರೆ ಅಡಿ, ಆರಡಿ ಅರೇಬಿಕಾ ಸಾಲಿನಲ್ಲಿ ಗಿಡದ ರೆಕ್ಕೆ (ಅಡ್ಡ ಕೊಂಬೆ) ಸವರಿಕೊಂಡಾದರೂ ಹೋಗುತ್ತದೆ. ಆದರೆ ಅಗೆಯಲು ಬ್ಯಾಕ್‌ಹೋದ ಎರಡೂ ಪಕ್ಕದ ಆಸರೆ ಕಾಲು ಊರಿದರೆ ಅದೇ ಆರಡಿ ಮೇಲೆ ಹರಡುತ್ತದೆ! ಹತ್ತಡಿ ರೋಬಸ್ಟಾದಲ್ಲೂ ಬೂಮ್ ಪಕ್ಕಕ್ಕೆ ತಿರುಗಿಸಿದರೆ ಗಿಡಕ್ಕೆ ಬಡಿಯುತ್ತದೆ. ತೋಟದ ರಸ್ತೆ ಬದಿಯ ಚರಂಡಿಗಷ್ಟೇ ಲಾಯಕ್ಕು.

ಕೊಳ್ಳಲೇಬೇಕು ಅನ್ನುವವರು ಡೆಮೊ ನಿಮ್ಮ ತೋಟದಲ್ಲೇ, ನಿಮ್ಮ ಹಸಿ ಮಣ್ಣಲ್ಲೇ ಕೇಳಿ. ಲೀಟರ್, ಬಾರ್, ಸಬ್‌ಫ್ರೇಮ್, ಪೈಪ್ ಜೋಡಣೆಯ ವಾರಂಟಿ, ನಾಲ್ಕನ್ನೂ ಶೋರೂಂ ಸೀಲ್ ಹಾಕಿಸಿ ಬರೆಸಿಕೊಳ್ಳಿ. ಬಾಯಿಮಾತಿಗೆ ಒಂದು ರೂಪಾಯಿ ಕೊಡಬೇಡಿ. ವರ್ಷಕ್ಕೆ ಹತ್ತು ದಿನದ ಟ್ರೆಂಚ್ ಕೆಲಸಕ್ಕೆ ಮಿನಿ ಹಿಟಾಚಿ ಬಾಡಿಗೆಗೆ ತರಿಸಿ, ಲೋಡರ್ ಮಾತ್ರ ಹಾಕಿಸಿ.

ಮೊನ್ನೆ ಶೋರೂಂನಿಂದಲೇ ಫೋನ್ ಬಂತು. ರಿಪೇರಿಗೆ ಅಂದುಕೊಂಡರೆ, "ಇದನ್ನ ಎಕ್ಸ್‌ಚೇಂಜ್‌ಗೆ ಹಾಕ್ಬಿಡಿ ಗೌಡ್ರೇ, 45 ಎಚ್‌ಪಿದು ಬಂದಿದೆ, ಒಂದೇ ಗಾಡಿ, ಎಲ್ಲಾ ಕೆಲಸ ಆಗುತ್ತೆ."