‘ಟಿಯರ್ಸ್ ಆಫ್ ದ ಸನ್’ ನೋಡೋದಾ, ‘ಬ್ಲ್ಯಾಕ್ ಹಾಕ್ ಡೌನ್’ ನೋಡೋದಾ?

ಈ ಎರಡೂ ಯುದ್ಧ ಸಿನಿಮಾಗಳಲ್ಲಿ ಅಮೆರಿಕದ ಸೈನಿಕರು ಆಫ್ರಿಕಾದಲ್ಲಿ ಇಳಿಯುತ್ತಾರೆ. ಎರಡಕ್ಕೂ ಹಾನ್ಸ್ ಜಿಮ್ಮರ್ ಅವರದೇ ಸಂಗೀತ. ಹೋಲಿಕೆ ಹೆಚ್ಚುಕಮ್ಮಿ ಅಲ್ಲಿಗೇ ಮುಗಿಯುತ್ತದೆ.

2003ರ ‘ಟಿಯರ್ಸ್ ಆಫ್ ದ ಸನ್’ ಕಟ್ಟುಕಥೆ. ನೈಜೀರಿಯಾದಲ್ಲಿ ದಂಗೆ ಎದ್ದಿದೆ. ಒಬ್ಬ ವೈದ್ಯೆಯನ್ನು ಕರೆತರಲು ಬ್ರೂಸ್ ವಿಲ್ಲಿಸ್ ತಂಡ ಹೋಗುತ್ತದೆ. ತನ್ನ ರೋಗಿಗಳನ್ನು ಬಿಟ್ಟು ಬರಲ್ಲ ಅಂತ ಆಕೆ ಹಟ ಹಿಡಿಯುತ್ತಾಳೆ. ಆದೇಶ ಪಾಲಿಸಬೇಕೋ, ಜನರನ್ನು ಉಳಿಸಬೇಕೋ? ಈ ಇಕ್ಕಟ್ಟೇ ಸಿನಿಮಾದ ಜೀವ. ಮೊದಲರ್ಧದಲ್ಲಿ ಕಾಡಿನ ಆತಂಕ ಚೆನ್ನಾಗಿ ಹಿಡಿಯುತ್ತದೆ. ಕೊನೆಗೆ ಮಾತ್ರ ಮಾಮೂಲಿ ಗುಂಡಿನ ಸುರಿಮಳೆ. ಬಹುತೇಕ ವಿಮರ್ಶಕರಿಗೆ ಹಿಡಿಸಲಿಲ್ಲ. ಆದರೂ ಅಮೆರಿಕದ ಹೆಸರಾಂತ ವಿಮರ್ಶಕ ರೋಜರ್ ಈಬರ್ಟ್ ನಾಲ್ಕಕ್ಕೆ ಮೂರು ಸ್ಟಾರ್ ಕೊಟ್ಟರು.

ರಿಡ್ಲಿ ಸ್ಕಾಟ್ ಅವರ ‘ಬ್ಲ್ಯಾಕ್ ಹಾಕ್ ಡೌನ್’ (2001) ಸೊಮಾಲಿಯಾದ ರಾಜಧಾನಿ ಮೊಗದಿಶುವಿನಲ್ಲಿ 1993ರಲ್ಲಿ ನಡೆದ ಕಾಳಗದ ಕಥೆ. ಅಲ್ಲಿನ ಸಶಸ್ತ್ರ ಗುಂಪಿನ ನಾಯಕನ ಸಹಚರರನ್ನು ಬಂಧಿಸಲು ಹೋದ ಅಮೆರಿಕದ ಸೈನಿಕರ ಹೆಲಿಕಾಪ್ಟರ್‌ಗಳೇ ಉರುಳುತ್ತವೆ. ಆಮೇಲೆ ಪೂರ್ತಿ ತಮ್ಮವರನ್ನು ಹೊರತರುವ ಪರದಾಟ. ಸಂಕಲನ ಮತ್ತು ಧ್ವನಿಗೆ ಆಸ್ಕರ್ ಬಂತು, ಅದು ನ್ಯಾಯವೇ. ಯಾರು ಯಾವ ಬೀದಿಯಲ್ಲಿದ್ದಾರೆ ಅನ್ನೋ ಗೊಂದಲದಲ್ಲೂ ಕಣ್ಣು ಕೀಳಲಾಗಲ್ಲ. ಆದರೆ ಸೊಮಾಲಿ ಜನ ಇಲ್ಲಿ ಬರೀ ಗುಂಪು, ಮುಖವೇ ಇಲ್ಲ ಎಂಬ ಟೀಕೆ ಬಂತು. ನನಗೂ ಅದು ಸರಿ ಅನಿಸುತ್ತದೆ. ಹೆಲ್ಮೆಟ್ ಹಾಕಿದ ಮೇಲೆ ಅಮೆರಿಕನ್ನರನ್ನೂ ಗುರುತಿಸೋದು ಕಷ್ಟ ಬಿಡಿ!

ಪಾತ್ರಗಳ ಜೊತೆ ಮನಸ್ಸು ಹೊಂದಬೇಕು ಅಂದರೆ ಮೊದಲನೆಯದು. ಒಂದೇ ಸಿನಿಮಾಗೆ ಸಮಯವಿದ್ದರೆ ನನ್ನ ಓಟು ಸ್ಕಾಟ್‌ಗೆ. ರಕ್ತ ನೋಡಲಾಗದವರು ಎರಡನ್ನೂ ಬಿಡಿ.